ಪೆಟ್ಟಿಗೆ ಹದಿನೇಳರ ನೇರಳೆ ಪೆನ್ಸಿಲು

ಮಾನ್ಯ ಪತ್ರಾಗಾರದ ನಿರ್ದೇಶಕರೇ,

ಕಾಗದಗಳ ಪಾಲಿಗೆ ತಾಯಿಯೂ ತಂದೆಯೂ ಆಗಿರುವ ತಮಗೆ, ಇನ್ನೂ ಕಾಗದವಾಗದೆ ಉಳಿದಿರುವ ಮುದುಕಿಯೊಬ್ಬಳ ಅನಂತ ನಮಸ್ಕಾರಗಳು. ಮಂತ್ರಿಮಂಡಲಗಳನ್ನೇ ನಡುಗಿಸಿದ ರಾಜಕೀಯ ಸಂಪಾದಕರ, ಅಂದರೆ ಪತ್ರಿಕೆಯ ಕಚೇರಿಯಲ್ಲಿ ನಾವೆಲ್ಲ ಬೆನ್ನ ಹಿಂದೆ 'ಗುಡುಗಪ್ಪ' ಎನ್ನುತ್ತಿದ್ದ ದಿವಂಗತರ, ಕಾಗದಪತ್ರಗಳನ್ನು ತಾವು ನಲವತ್ತೆರಡು ಪೆಟ್ಟಿಗೆಗಳಲ್ಲಿ ತುಂಬಿ, ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ಬಿಳಿ ಕೈಗವಸು ತೊಟ್ಟವರಿಗೆ ಮಾತ್ರ ಮುಟ್ಟಲು ಬಿಡುತ್ತಿರುವುದನ್ನು ಕಂಡು ಹೃದಯ ತುಂಬಿ ಬಂತು. ಅವರು ಇದೇ ಕಾಗದಗಳ ಮೇಲೆ ಚಹಾ ಲೋಟ ಇಡುತ್ತಿದ್ದರು.

ನಾನು ಇಪ್ಪತ್ತೊಂಬತ್ತು ವರ್ಷ ಅವರ ಬೆರಳಚ್ಚುಗಾರ್ತಿಯಾಗಿದ್ದೆ. ಅವರು ಬರೆದುಕೊಟ್ಟಿದ್ದನ್ನು ಟೈಪು ಮಾಡುವ ಮುಂಚೆ, ಅಂಚಿನಲ್ಲಿ ನೇರಳೆ ಪೆನ್ಸಿಲಿನಿಂದ 'ಇದಕ್ಕೆ ಸಾಕ್ಷಿ ಎಲ್ಲಿ?', 'ಹೋದ ವಾರ ಇದರ ಉಲ್ಟಾ ಬರೆದಿದ್ದೀರಿ', 'ಸಾಕು, ನಿಲ್ಲಿಸಿ' ಎಂದೆಲ್ಲ ಗೀಚಿ ವಾಪಸು ಕಳಿಸುತ್ತಿದ್ದೆ. ಒಮ್ಮೆ, ಮಂತ್ರಿಯೊಬ್ಬರು ತನಿಖೆಗೆ ಹೆದರಿ ದೇಶ ಬಿಟ್ಟು ಓಡಿದ್ದಾರೆಂದು ಅವರು ಮೂರು ಪುಟ ಗುಡುಗಿದಾಗ, ನನ್ನ ತಂಗಿ ನರ್ಸಾಗಿದ್ದ ಆಸ್ಪತ್ರೆಯ ಹೆಸರು ಬರೆದು, 'ಇಲ್ಲಿಗೆ ಒಂದು ಫೋನು ಮಾಡಿ' ಎಂದು ಸೇರಿಸಿದೆ. "ನೀನು ಟೈಪು ಮಾಡೋಕೆ ಇರೋದಾ, ನನಗೆ ಪಾಠ ಹೇಳೋಕಾ?" ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಿ, ಬಾಗಿಲು ಹಾಕಿಕೊಂಡು ಫೋನು ಮಾಡಿದರು. ಮಂತ್ರಿಗಳು ಅಲ್ಲಿ ಸಾಯುತ್ತಿದ್ದ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದರು. ಮರುದಿನ ನನ್ನ ಮೇಜಿನ ಮೇಲೆ, ಅವರೇ ವಕ್ರವಾಗಿ ಕೆತ್ತಿದ ಹೊಸ ನೇರಳೆ ಪೆನ್ಸಿಲು ಇತ್ತು. ಅದು ಬೆರಳಿಗೆ ಸಿಗದಷ್ಟು ಮೋಟಾಗುವವರೆಗೆ ಬಳಸಿದೆ.

ಈಗ ತಮ್ಮಲ್ಲಿಗೆ ಬರುವ ವಿದ್ವಾಂಸರೊಬ್ಬರು, ಪೆಟ್ಟಿಗೆ ಹದಿನೇಳರಲ್ಲಿರುವ ಆ ಅಂಚುಗಳನ್ನು ಓದಿ, ಅವು ಸಂಪಾದಕರ 'ನಿರ್ದಯ ಆತ್ಮವಿಮರ್ಶೆ' ಎಂದು ಮುನ್ನೂರು ಪುಟಗಳಲ್ಲಿ ಸಾಧಿಸಿದ್ದಾರೆ. ಸಂಪಾದಕರಿಗೆ ಆತ್ಮ ಇತ್ತು, ಇಲ್ಲವೆನ್ನುವುದಿಲ್ಲ. ವಿಮರ್ಶೆ ಮಾತ್ರ ಪಕ್ಕದ ಕೋಣೆಯಲ್ಲಿ, ಫ್ಯಾನು ತಿರುಗದ ಮೂಲೆಯಲ್ಲಿ ಕೂರುತ್ತಿತ್ತು.

ಪುಸ್ತಕ ಓದಿ ತಮ್ಮ ಪತ್ರಾಗಾರಕ್ಕೆ ಬಂದೆ. ಕೌಂಟರಿನ ಗುಮಾಸ್ತರು, "ಅಮ್ಮಾ, ಇದು ಸಂಶೋಧಕರಿಗೆ ಮಾತ್ರ" ಎಂದರು. ಒಳಗಿರುವುದು ನನ್ನ ಅಕ್ಷರವೆಂದಾಗ, "ಅದಕ್ಕೆ ದಾಖಲೆ ಏನಿದೆ?" ಎಂದರು. ದಾಖಲೆ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ತೆರೆಸಲು ದಾಖಲೆ ಬೇಕಿತ್ತು. ಕೊನೆಗೆ ತಾವೇ ದಯಮಾಡಿಸಿ, ಚೀಟಿಯಲ್ಲಿ ನನ್ನಿಂದ 'ಸಾಕು, ನಿಲ್ಲಿಸಿ' ಎಂದು ಬರೆಸಿ, ಹೋಲಿಸಿ ನೋಡಿ, "ಹೌದಮ್ಮಾ, ನಿಮ್ಮದೇ" ಎಂದಿರಿ. ಅವತ್ತು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆಗೂ ಈ ಸುದ್ದಿ ಹೇಳಿದ ದಡ್ಡಿ ನಾನು.

ನಾಲ್ಕು ವಾರಗಳ ನಂತರ ತಮ್ಮ ಕಾಗದ ಬಂತು. 'ಸಂಪಾದಕರ ಟಿಪ್ಪಣಿಗಳು' ಎಂಬುದನ್ನು ಸೂಚಿಯಲ್ಲಿ 'ಅಪರಿಚಿತ ಹಸ್ತಾಕ್ಷರ' ಎಂದು ತಿದ್ದಲಾಗಿದೆ. ನೌಕರರ ಹೆಸರು ಸೇರಿಸಲು ನಿಯಮವಿಲ್ಲ. ನಕ್ಕೆ. ನಕ್ಕು ಸಾಕಾದ ಮೇಲೆ, ಒಲೆಯ ಮೇಲಿದ್ದುದು ಸೀಯುವವರೆಗೆ ಆ ಕಾಗದವನ್ನೇ ಮತ್ತೆ ಮತ್ತೆ ಓದಿದೆ. ಎದುರಿಗೆ ಕೂರಿಸಿಕೊಂಡು ಪರಿಚಯ ಮಾಡಿಕೊಂಡವರನ್ನೇ ಅಪರಿಚಿತರನ್ನಾಗಿಸುವ ಈ ವಿದ್ಯೆ ಗುಡುಗಪ್ಪನವರಿಗೂ ಸಿದ್ಧಿಸಿರಲಿಲ್ಲ.

ಆದ್ದರಿಂದ ವಿನಂತಿ ಇಷ್ಟೇ: ಹೆಸರು ಸೇರಿಸಲು ನಿಯಮವಿಲ್ಲದಿದ್ದರೆ ನನ್ನನ್ನೇ ಪೆಟ್ಟಿಗೆ ಹದಿನೇಳಕ್ಕೆ ಸೇರಿಸಿಕೊಳ್ಳಿ. ನಾನು ಕುಳ್ಳಿ, ಹೆಚ್ಚು ಜಾಗ ಹಿಡಿಯುವುದಿಲ್ಲ. ಮೊಣಕಾಲಿಗೆ ಚಳಿಯಾಗದಂತೆ ಒಂದು ಶಾಲು ಕೊಟ್ಟರೆ ಸಾಕು. ವಿದ್ವಾಂಸರು ಕೈಗವಸು ತೊಟ್ಟು ಬಂದು ಕೇಳಿದರೆ, ಯಾವ ಅಂಚಿನಲ್ಲಿ ಏಕೆ ಬರೆದೆನೆಂದು ನಾನೇ ಹೇಳುತ್ತೇನೆ.

ತಮ್ಮ ನಿಯಮಗಳಿಗೆ ತಲೆಬಾಗಿದ,
ತಮ್ಮ ವಿಶ್ವಾಸಿ,
ಅಪರಿಚಿತ ಹಸ್ತಾಕ್ಷರ
(ಬೆರಳಚ್ಚುಗಾರ್ತಿ, ನಿವೃತ್ತೆ)

ತಾ.ಕ.: ಸಂಪಾದಕರು ತಮ್ಮ ಕೊನೆಯ ವರ್ಷ, ಮಂತ್ರಿಗಳೊಡನೆ ಆಡಿದ ಗುಟ್ಟಿನ ಮಾತುಗಳನ್ನೆಲ್ಲ ಬರೆದಿಟ್ಟ ಹನ್ನೊಂದು ಪುಸ್ತಕಗಳನ್ನು "ಹರಿದು ಬಿಸಾಡಮ್ಮ" ಎಂದು ನನ್ನ ಕೈಗೆ ಕೊಟ್ಟಿದ್ದರು. ಹರಿಯಲು ಮನಸ್ಸಾಗಲಿಲ್ಲ, ಅಟ್ಟದ ಮೇಲಿವೆ. ಜಾಗ ಸಾಲದೆಂದು ಸೊಸೆ ಗೊಣಗುತ್ತಿದ್ದಾಳೆ. ರದ್ದಿಯವನು ಗುರುವಾರ ಬರುತ್ತಾನೆ. ತಮ್ಮ ಕಚೇರಿಗೆ ಗುರುವಾರ ರಜೆಯಂತೆ.