ದಿವಾನನ ಸೈಕಲ್ ಸವಾರಿ

ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ನನಗಾಗದು. ಆದರೆ ನನ್ನ ನಾಯಿಯ ವಿಷಯ ಹೇಳುವುದು ಜಂಬವಲ್ಲ, ಬರೀ ಸತ್ಯ. ಮಕ್ಕಳು ಬುದ್ಧಿವಂತರಾದರೆ ಅಜ್ಜನನ್ನು ಹೋತಿದೆ, ಸೋದರಮಾವನನ್ನು ಹೋತಿದೆ ಎಂದು ಕೀರ್ತಿಯಲ್ಲಿ ಪಾಲು ಕೇಳಲು ಹತ್ತು ಜನ ಬರುತ್ತಾರೆ. ನಾಯಿ ಬುದ್ಧಿವಂತವಾದರೆ ಆ ಕೀರ್ತಿ ಪೂರ್ತಿ ಸಾಕಿದವನದೇ. ಆಗ ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ನನ್ನ ಮಾತನ್ನು ಜವಾನನೂ ಕೇಳುತ್ತಿರಲಿಲ್ಲ. ನಾನು ಕೂತ್ಕೋ ಎಂದರೆ ಕೂರುತ್ತಿದ್ದ ಜೀವ ಈ ಭೂಮಿಯ ಮೇಲೆ ಅದೊಂದೇ.

ಮೊಲದಷ್ಟು ಗಾತ್ರದ, ಕಂದುಬಣ್ಣದ ಆ ನಾಯಿಗೆ ದಿವಾನ ಎಂದು ಹೆಸರಿಟ್ಟಿದ್ದೆ. ನಮ್ಮ ರಾಜ್ಯದಲ್ಲಿ ದಿವಾನಗಿರಿ ಹೋಗಿ ಕೆಲವು ವರ್ಷಗಳಾಗಿದ್ದವು. ಹೆಸರು ಸುಮ್ಮನೆ ಖಾಲಿ ಬಿದ್ದಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಬೆತ್ತದ ಬುಟ್ಟಿ ಕಟ್ಟಿ, ಹೆಂಡತಿಯ ಹಳೆಯ ಸೀರೆಯೊಂದನ್ನು ಮಡಿಸಿ ಹಾಸಿ, ಅದರಲ್ಲಿ ದಿವಾನನನ್ನು ಕೂರಿಸಿಕೊಂಡು ಪ್ರತಿ ಭಾನುವಾರ ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಮಾವನ ಮನೆಗೆ ಹೋಗುತ್ತಿದ್ದೆ. ಹತ್ತು ಹನ್ನೆರಡು ಮೈಲಿ ದಾರಿ. ಜನವಿಲ್ಲದ ಕಡೆ ದಿವಾನ ಸುರುಟಿಕೊಂಡು ನಿದ್ದೆ ಹೊಡೆಯುತ್ತಿತ್ತು. ನಾಲ್ಕು ಜನ ಕಂಡರೆ ಸಾಕು, ಮುಂಗಾಲುಗಳನ್ನು ಬುಟ್ಟಿಯ ಅಂಚಿಗೆ ಊರಿ ಎದೆಯುಬ್ಬಿಸಿ ನಿಲ್ಲುತ್ತಿತ್ತು. ಬೀದಿನಾಯಿಗಳು ಬೊಗಳುತ್ತಾ ಅಟ್ಟಿಸಿಕೊಂಡು ಬಂದರೆ ತಿರುಗಿ ಸಹ ನೋಡುತ್ತಿರಲಿಲ್ಲ. ಅವು ಕಚ್ಚಲು ಬರುತ್ತಿದ್ದುದು ನನ್ನ ಕಾಲನ್ನು, ಆ ಮಾತು ಬೇರೆ. ಕಾರ್ಖಾನೆಯ ಪಾಳಿ ಮುಗಿಸಿ ಬರುವವರು ಸೈಕಲ್ ನಿಧಾನ ಮಾಡಿ ನಮ್ಮನ್ನು ನೋಡುತ್ತಿದ್ದರು. ಭದ್ರಾ ಸೇತುವೆಯ ಬಳಿ ನಿಲ್ಲುತ್ತಿದ್ದ ಪೊಲೀಸಿನವನಂತೂ ವಾರವಾರವೂ ನಗುತ್ತಾ ಸಲಾಂ ಹೊಡೆಯುತ್ತಿದ್ದ. ಪೊಲೀಸಿನವನಿಂದ ಸಲಾಂ ಹೊಡೆಸಿಕೊಂಡ ಗುಮಾಸ್ತ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಈ ವೈಭವವನ್ನು ಮೆಚ್ಚದವಳು ಒಬ್ಬಳೇ, ನನ್ನ ಹೆಂಡತಿ ಶಾರದೆ. ಅವಳು ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂತರೆ ಡಬಲ್ ರೈಡ್ ಎಂದು ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಕಾಲ ಅದು. ಕಾನೂನಿಗೆ ನಾನೇನು ಮಾಡಲಿ?

"ನಾಯಿಗೆ ಬುಟ್ಟಿ, ನನಗೆ ಬಸ್ಸು," ಎಂದಳು ಒಂದು ಭಾನುವಾರ. "ಅದೂ ನನ್ನ ಸೀರೆ ಹಾಸ್ಕೊಂಡು. ಅಳಿಯಂದ್ರು ಹೆಂಡ್ತೀನ ಬಸ್ಸಿಗೆ ಹತ್ತಿಸಿ ನಾಯೀನ ಕೂರಿಸ್ಕೊಂಡು ಬರ್ತಾರೆ ಅಂತ ನಮ್ಮ ಬೀದಿಯೋರೆಲ್ಲ ನಗ್ತಾರೆ. ಒಂದ್ಸಲನಾದ್ರೂ ನಾನು ನಿಮ್ಮ ಸೈಕಲ್ ಮೇಲೆ ಬರೋದನ್ನ ಅವರು ನೋಡ್ಬೇಕು. ಇಲ್ಲಾಂದ್ರೆ ನಾನಿನ್ನು ತವರಿಗೇ ಬರಲ್ಲ."

ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜವಾಗಿಯೂ ಪಿಚ್ಚೆನಿಸಿತು. "ಆಯ್ತು ಮಾರಾಯ್ತಿ, ಹತ್ತು. ಸೇತುವೆ ಹತ್ರ ಇರೋ ಪೊಲೀಸಿನೋನು ನಮ್ಮೋನೇ. ನನ್ನ ಕಂಡ್ರೆ ಸಲಾಂ ಹೊಡೀತಾನೆ," ಎಂದೆ. ಕ್ಯಾರಿಯರ್ ಮೇಲೆ ಹಾಸಲು ಏನೂ ಸಿಗಲಿಲ್ಲ. ಬುಟ್ಟಿಯ ಸೀರೆಯನ್ನು ತೆಗೆಯಬಹುದಿತ್ತು, ಆದರೆ ದಿವಾನನಿಗೆ ಅದು ಅಭ್ಯಾಸವಾಗಿಹೋಗಿತ್ತು. ಶಾರದೆ ಬರೀ ಕಬ್ಬಿಣದ ಮೇಲೆಯೇ ಕೂತಳು. ಏರು ಬಂದಲ್ಲಿ ಇಳಿದು ನಡೆದಳು. ದಿವಾನ ಇಳಿಯಲಿಲ್ಲ. ಅದು ಭಾರವಲ್ಲ, ಸೈಕಲ್ಲಿಗೆ ಶೋಭೆ ಎಂದು ಅವಳಿಗೆ ವಿವರಿಸಿದೆ.

ಸೇತುವೆಯ ಬಳಿ ಪೊಲೀಸಿನವನು ಎಂದಿನಂತೆ ಕೈಯೆತ್ತಿದ. ಆದರೆ ಕೈ ಹಣೆಗೆ ಹೋಗದೆ ನಮಗೆ ಅಡ್ಡ ಬಂತು.

"ಏನ್ ಸ್ವಾಮಿ, ಡಬಲ್ ರೈಡಾ?"

"ವಾರ ವಾರ ಬರ್ತೀನಲ್ಲಪ್ಪ, ನನ್ನ ಗುರ್ತು ಸಿಗ್ಲಿಲ್ವಾ?"

ಅವನು ನನ್ನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. "ನಾಯಿ ಗುರ್ತು ಚೆನ್ನಾಗಿದೆ ಸ್ವಾಮಿ. ಏನು ಠೀವಿ ಅದರದ್ದು. ಅದಕ್ಕೇ ಸಲಾಂ ಹೊಡೀತೀನಿ. ಈಯಮ್ಮ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಶಾರದೆ, "ಆ ನಾಯಿಗೆ ದಿನಾ ಅನ್ನ ಹಾಕೋಳು," ಎಂದಳು.

ಅವನು ಅವಳಿಗೆ ಕೈಮುಗಿದು, ನನ್ನ ಎರಡೂ ಚಕ್ರಗಳ ಗಾಳಿ ಬಿಟ್ಟ. ಶಾರದೆ ಆ ಕಡೆ ಬಂದ ಖಾಲಿ ಜಟಕಾವನ್ನು ಕೈತಟ್ಟಿ ನಿಲ್ಲಿಸಿ ಹತ್ತಿದಳು. ನನ್ನ ಮಾನ ಉಳಿಸಿಕೊಳ್ಳಲು ಇನ್ನೊಂದೇ ದಾರಿಯಿತ್ತು. "ಯಾರು ಬೇಕಾದ್ರೂ ಹೋಗ್ಲಿ," ಎಂದೆ ಪೊಲೀಸಿನವನಿಗೆ, "ದಿವಾನ ಮಾತ್ರ ನನ್ನ ಬಿಟ್ಟು ಕದಲಲ್ಲ. ನೋಡ್ತಾ ಇರಿ."

"ಬಾರೋ," ಎಂದಳು ಶಾರದೆ, ಮೆಲ್ಲಗೆ. ದಿವಾನ ಬುಟ್ಟಿಯಿಂದ ಒಂದೇ ನೆಗೆತಕ್ಕೆ ಕೆಳಗೆ ಹಾರಿ, ಇನ್ನೊಂದಕ್ಕೆ ಜಟಕಾ ಸೇರಿತು.

"ಈಗ ನೀವೊಬ್ರೇ ಅಲ್ವಾ ಸ್ವಾಮಿ," ಎಂದ ಪೊಲೀಸಿನವನು, "ಕಾನೂನಿಗೆ ಸರಿಯಾಯ್ತು. ಹೊರಡಿ."

ಗಾಳಿಯಿಲ್ಲದ ಸೈಕಲ್ ಹಿಡಿದು ನಾನು ಅಲ್ಲೇ ನಿಂತೆ. ಜಟಕಾ ಓಲ್ಡ್ ಟೌನಿನ ಕಡೆಗೆ ಹೊರಟಿತು. ಶಾರದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಪಕ್ಕದಲ್ಲಿ ದಿವಾನ ಕಿವಿ ನಿಮಿರಿಸಿಕೊಂಡು ಕೂತಿತ್ತು. ಅಂಗಡಿಯವರೆಲ್ಲ ವ್ಯಾಪಾರ ಬಿಟ್ಟು ಅದನ್ನೇ ನೋಡುತ್ತಿದ್ದರು. ಏನೇ ಹೇಳಿ, ನನ್ನ ಎದೆ ಹಿಗ್ಗಿತು. ಪಕ್ಕದ ಸೋಡಾ ಅಂಗಡಿಯವನಿಗೆ, "ಅದು ನಮ್ಮ ನಾಯಿ," ಎಂದೆ.

"ಹೌದಾ? ಪಕ್ಕದಲ್ಲಿ ಕೂತಿರೋರು?" ಎಂದ ಅವನು.

ಹೆಂಡತಿ ಎಂದರೆ, ಮತ್ತೆ ನೀವೇಕೆ ಬಿಸಿಲಲ್ಲಿ ನಿಂತಿದ್ದೀರಿ ಎಂದು ಕೇಳುತ್ತಾನೆ. ಸ್ವಲ್ಪ ಯೋಚಿಸಿ, "ನಾಯಿ ಯಜಮಾನ್ತಿ ಕಣಪ್ಪ," ಎಂದೆ.

"ಹಾಗಾದ್ರೆ ತಾವು?" ಎಂದ.

ನಾನು ಸೈಕಲ್ ತಳ್ಳಿಕೊಂಡು ಜಟಕಾದ ಹಿಂದೆ ನಡೆದೆ.