ಮೇವಿನ ಶೆಡ್ಡಿನ ಪೈಲಟ್

ನನ್ನ ತಮ್ಮ ಇದುವರೆಗೆ ದೂಧಗಂಗಾ ನದಿಗೆ ಏನಿಲ್ಲವೆಂದರೂ ನಲವತ್ತು ವಿಮಾನ ಬೀಳಿಸಿದ್ದಾನೆ. ಪೊಲೀಸರು ಬಂದಿಲ್ಲ, ಪತ್ರಿಕೆಯವರು ಬಂದಿಲ್ಲ, ನದಿಯಲ್ಲಿ ಎಮ್ಮೆ ಮೈತೊಳೆಯುವವರು ತಲೆ ಎತ್ತಿ ನೋಡಿದ್ದೂ ಇಲ್ಲ. ವಿಮಾನ ಮುಳುಗಿಸಿ ಬಂದು ಇಷ್ಟು ನೆಮ್ಮದಿಯಿಂದ ರೊಟ್ಟಿ ಉಣ್ಣುವ ಪೈಲಟ್ ಬೇರೆ ಯಾವ ದೇಶದಲ್ಲಿದ್ದಾನೆ, ನೀವೇ ಹೇಳಿ!

ಗಾಬರಿಯಾಗಬೇಡಿ. ಅವನ ವಿಮಾನ ಇರುವುದು ಸದಲಗಾದ ನಮ್ಮ ತವರುಮನೆಯ ಮೇವಿನ ಶೆಡ್ಡಿನಲ್ಲಿ. ಎದುರಿಗೆ ಒಂದು ದೊಡ್ಡ ಟಿ.ವಿ.; ಅದರೊಳಗೆ ವಿಮಾನ ಹಾರಿಸುವ ಕಂಪ್ಯೂಟರ್ ಆಟದ ಆಕಾಶ. ಅದರ ಕೆಳಗೆ ಎರಡು ಟಚ್‌ಸ್ಕ್ರೀನ್. ಅವುಗಳಲ್ಲಿ ವೇಗ, ಎತ್ತರ, ದಿಕ್ಕು ತೋರಿಸುವ ದುಂಡನೆಯ ಮೀಟರುಗಳು. ಸ್ಕ್ರೀನಿನ ಮೇಲೆ ತೂತು ಕೊರೆದ ಪ್ಲೈವುಡ್ ಹಲಗೆ, ಒಂದೊಂದು ತೂತಿನ ಪಕ್ಕ ತಿರುಗಿಸಲು ಒಂದೊಂದು ನಾಬ್. ದೂರದಿಂದ ನೋಡಿದರೆ ನಿಜವಾದ ವಿಮಾನ. ಹತ್ತಿರ ಹೋಗಿ ನೋಡಿದರೆ ನಮ್ಮ ಅಡುಗೆಮನೆ! ಒಂದು ನಾಬ್ ಕುಕ್ಕರ್ ಮುಚ್ಚಳದ್ದು, ಒಂದು ಮಿಕ್ಸರಿನದು, ಒಂದು ನೋವಿನ ಮುಲಾಮಿನ ಡಬ್ಬಿಯ ಮುಚ್ಚಳ.

ಈ ಮನುಷ್ಯ ಎಂದಾದರೂ ವಿಮಾನ ಹತ್ತಿದ್ದಾನೆಯೇ? ಚಿಕ್ಕೋಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೂ ತಲೆ ಸುತ್ತುವ ಗಿರಾಕಿ! ಹನ್ನೆರಡನೆಯ ವಯಸ್ಸಿನಿಂದ ಎಮ್ಮೆ ಹಿಂಡಿದವನು, ಬಿಡುವಿನಲ್ಲಿ ಊರವರ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡಿದವನು. ಅವನು ಹಿಂಡುವಾಗ ಬಕೆಟ್ಟಿನಲ್ಲಿ ನೊರೆ ಏಳುವ ಸದ್ದು ಬೀದಿಗೆ ಕೇಳುತ್ತಿತ್ತು. ಹೋದ ವರ್ಷ ಲಕ್ವಾ ಹೊಡೆಯಿತು. ಕಾಲಿಗೆ ಶಕ್ತಿ ತಿರುಗಿ ಬಂತು, ಮಾತು ಬಂತು, ಬಲಗೈ ಬರಲಿಲ್ಲ. ಬೆರಳುಗಳು ಮುಷ್ಟಿ ಕಟ್ಟಿಕೊಂಡು ಕುಳಿತವು. ‘ದಿನಾ ಆ ಬೆರಳಿಗೆ ಕೆಲಸ ಕೊಡ್ರಿ. ಈ ವರ್ಷ ಬಿಟ್ಟರೆ ಅವು ಹೀಗೇ ಸೆಟೆದು ನಿಲ್ಲುತ್ತವೆ’ ಎಂದು ಡಾಕ್ಟರು ಹೇಳಿ ಕಳಿಸಿದರು.

ಮರುದಿನವೇ ನಾನು ಚಿಕ್ಕೋಡಿಯಿಂದ ಚೀಲ ಹಿಡಿದು ಬಂದಿಳಿದೆ. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಗಂಟೆ ಬಾರಿಸಿ ನೂರು ಹುಡುಗಿಯರನ್ನು ಎಬ್ಬಿಸಿದವಳಿಗೆ ಐದು ಬೆರಳು ಎಬ್ಬಿಸುವುದೇನು ದೊಡ್ಡದು ಎಂದುಕೊಂಡೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಆರಕ್ಕೆ ರಬ್ಬರ್ ಚೆಂಡು ಅದುಮುವುದು, ಆರೂವರೆಗೆ ಬೆರಳು ಬಿಡಿಸುವುದು, ಏಳಕ್ಕೆ ಚಹಾ.

ಚೆಂಡನ್ನು ಅವನು ನಾಯಿಗೆ ಎಸೆದ. ನಾಯಿ ಮಾತ್ರ ವೇಳಾಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿತು. ಅದರ ದವಡೆ ಈಗ ಕಬ್ಬಿಣ!

“ಯಾಕಲೇ, ಚೆಂಡ ಒತ್ತಾಕ ಏನ ರೋಗ ನಿನಗ?” ಎಂದೆ.

“ಒತ್ತಿದ್ರ ಏನ ಆಗತೈತಿ ಅಕ್ಕಾ? ಹಾಲ ಬರತೈತೇನು?” ಎಂದ.

ನನ್ನ ವೇಳಾಪಟ್ಟಿಯನ್ನು ಕಿತ್ತು, ಹಿಂಬದಿಯಲ್ಲಿ ದುಂಡನೆ ಗೆರೆ ಎಳೆಯತೊಡಗಿದ. ಫೋನಿನಲ್ಲಿ ಯಾರೋ ಮನೆಯಲ್ಲೇ ವಿಮಾನದ ಪ್ಯಾನಲ್ ಕಟ್ಟುವುದನ್ನು ನೋಡಿದ್ದನಂತೆ. ಎಡಗೈಯಲ್ಲಿ ಎಳೆದ ಗೆರೆ ಬದನೆಕಾಯಿಯಂತಿತ್ತು. ಬದನೆಕಾಯಿ ಆಕಾರದ ಮೀಟರಿರುವ ವಿಮಾನವನ್ನು ನಾನು ಹೇಗೆ ಸಹಿಸಲಿ? ಕೈವಾರ ತರಿಸಿ ನಾನೇ ಎಳೆದುಕೊಟ್ಟೆ. ಅಲ್ಲಿಗೆ ಸಿಕ್ಕಿಬಿದ್ದೆ.

ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ತಮ್ಮನ ಹೆಂಡತಿ ಇಕ್ಕಳ ಹಿಡಿದು ಗ್ಯಾಸ್ ಒಲೆಯ ಮುಂದೆ ನಿಂತಿದ್ದಾಳೆ.

“ಇದೇನಬೇ?”

“ಒಲಿ ಹಚ್ಚಾಕತ್ತೀನ್ರಿ ಅಕ್ಕಾರ. ಬಟನ್ ವಿಮಾನಕ್ಕ ಹೋಗ್ಯಾವ್ರಿ.”

“ಎರಡೂ?”

“ಎರಡೂ ಹೋಗ್ಯಾವ್ರಿ. ಕುಕ್ಕರಿಂದೂ ಹೋಗೇತಿ. ನಾ ಒಬ್ಬಾಕಿ ಉಳದೀನಿ ನೋಡ್ರಿ!”

ಶೆಡ್ಡಿಗೆ ಹೋಗಿ ಜೋರು ಮಾಡಿದೆ. ಸ್ಕ್ರೀನನ್ನು ಬೆರಳಿಂದ ಮುಟ್ಟಿದರೇ ಮೀಟರು ತಿರುಗುತ್ತದಲ್ಲ, ಮತ್ತೆ ಒಲೆ ಬೋಳಿಸುವ ಕೆಲಸವೇಕೆ? ಹೋಗಲಿ, ಹಚ್ಚುವುದಾದರೆ ಒಂದೇ ಅಳತೆಯವನ್ನಾದರೂ ಹಚ್ಚಬಾರದೆ? ಎಡತುದಿಗೆ ಕುಕ್ಕರಿನ ದಪ್ಪ ಹಿಡಿ, ಬಲತುದಿಗೆ ಟೂತ್‌ಪೇಸ್ಟಿನ ಮುಚ್ಚಳ. ಶಿಸ್ತು ಬೇಡವೇ?

ಅವನು ಕೆಳಗೆ ನೋಡುತ್ತ ಹೇಳಿದ: “ಸ್ಕ್ರೀನಿನ ಕಾಜ ಮುಟ್ಟಾಕ ಸತ್ತ ಬೆರಳೂ ಸಾಕಕ್ಕಾ. ನಾಬ್ ತಿರುವಾಕ ಹೆಬ್ಬೆರಳು ಬೇಕು, ಅದರ ಜೋಡಿ ಇನ್ನೊಂದು ಬೇಕು. ಈಗ ದಪ್ಪಂದು ಅಷ್ಟ ಹಿಡಿಯಾಕ ಬರತೈತಿ. ಮುಂದ ಸಣ್ಣಂದಕ್ಕ ಹೋಗೂದು.”

ಎಡದಿಂದ ಬಲಕ್ಕೆ ಮತ್ತೊಮ್ಮೆ ನೋಡಿದೆ. ಕುಕ್ಕರ್, ಗ್ಯಾಸ್ ಒಲೆ, ಮಿಕ್ಸರ್, ಮುಲಾಮು, ಟೂತ್‌ಪೇಸ್ಟ್. ಒಂದನೆಯ ತರಗತಿಯಿಂದ ಐದನೆಯ ತರಗತಿಯವರೆಗೆ ಸಾಲಾಗಿ ನಿಂತಿದ್ದವು. ನನ್ನ ವೇಳಾಪಟ್ಟಿಗಿಂತ ಚೆನ್ನಾಗಿತ್ತು. ಇಕ್ಕಳದಿಂದ ಒಲೆ ಹಚ್ಚುವುದನ್ನು ನಾನೂ ಕಲಿತೆ.

ಅವನು ಹಾರುತ್ತಿದ್ದದ್ದು ದಿನಕ್ಕೆ ಎರಡು ಸಲ, ಸರಿಯಾಗಿ ಹಾಲು ಹಿಂಡುವ ಹೊತ್ತಿಗೆ. ಶೆಡ್ಡಿಗೂ ಎಮ್ಮೆಗಳ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಆಚೆ ಹೆಂಡತಿ ಹಿಂಡುತ್ತಾಳೆ, ಈಚೆ ಇವನು ಇಂಜಿನ್ ಚಾಲೂ ಮಾಡುತ್ತಾನೆ. ಆ ಸದ್ದಿಗೆ ಬಡಪಾಯಿ ಎಮ್ಮೆಗಳು ಬೆದರುವುದಿಲ್ಲವೇ ಎಂದು ಅವಳನ್ನು ಕೇಳಿದೆ.

“ಎಮ್ಮಿಗೆ ಏನೂ ಆಗೂದಿಲ್ರಿ” ಎಂದಳು. “ನಾ ಹಿಂಡೂ ಸಪ್ಪಳ ಅವರ ಕಿವಿಗೆ ಬೀಳಬಾರದ್ರಿ. ಅದಕ್ಕ ಅಷ್ಟ ಜೋರ ಇಡತಾರ.”

ಎಮ್ಮೆಗಳಿಗೆ ಏನೂ ಆಗುವುದಿಲ್ಲ ಎಂದಳಲ್ಲ, ಆಗಿತ್ತು! ಅದು ಗೊತ್ತಾದದ್ದು ಕೊಲ್ಹಾಪುರದ ಕಡೆಯ ವ್ಯಾಪಾರಿಯೊಬ್ಬ ಒಂದು ಎಮ್ಮೆ ಕೊಂಡೊಯ್ದು ಎರಡೇ ದಿನಕ್ಕೆ ಓಡಿಬಂದಾಗ.

“ಅಹೋ, ಕಾಯ್ ಹೇ! ಎಂಥಾ ಎಮ್ಮಿ ಕೊಟ್ರಿ? ಹಿಂಡಿ ಹಾಕಿದೆ, ಬೆಲ್ಲ ತಿನಿಸಿದೆ, ಮೈ ತಿಕ್ಕಿದೆ. ಒಂದ ಹನಿ ಹಾಲ ಬಿಡವಲ್ದು!”

ತಮ್ಮ ಗಂಭೀರವಾಗಿ ಕೇಳಿದ: “ವಿಮಾನ ಹಾರಿಸಿದ್ರೇನು?”

ವ್ಯಾಪಾರಿ ನನ್ನ ಮುಖ ನೋಡಿದ. ಲಕ್ವಾ ತಲೆಗೂ ಹೊಡೆದಿದೆ ಎಂದುಕೊಂಡನೋ ಏನೋ! ಕೊನೆಗೆ ಟೇಕಾಫಿನ ಸದ್ದನ್ನು ಅವನ ಮೊಬೈಲಿಗೆ ತುಂಬಿ ಕಳಿಸಿದೆವು. ಆ ಎಮ್ಮೆ ಇಂದಿಗೂ ಇಂಜಿನ್ ಕೇಳದೆ ಹಾಲು ಇಳಿಸುವುದಿಲ್ಲವಂತೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ದಿನಕ್ಕೆರಡು ಬಾರಿ ನಮ್ಮ ವಿಮಾನ ಹಾರುತ್ತದೆ, ಪರವಾನಗಿ ಕೇಳಿದವರಿಲ್ಲ!

ಈ ನಡುವೆ ನನಗೆ ಬಡ್ತಿ ಸಿಕ್ಕಿತು. ಪೈಲಟ್‌ಗಳು ಮೇಲೇರುವ ಮುಂಚೆ, ಇಳಿಯುವ ಮುಂಚೆ ಒಂದು ಪಟ್ಟಿಯನ್ನು ಜೋರಾಗಿ ಓದಿ, ಒಂದೊಂದನ್ನೂ ನೋಡಿ ಗುರುತು ಹಾಕುತ್ತಾರಂತೆ. ಮೂವತ್ತು ವರ್ಷ ನಾನು ಇನ್ನೇನು ಮಾಡಿದ್ದೆ? ಕನ್ನಡಕ ಏರಿಸಿ ಪಕ್ಕದ ಸೀಟಿನಲ್ಲಿ ಕುಳಿತೆ.

“ಇಂಧನ?”

“ಐತಿ.”

“ಬ್ರೇಕು?”

“ಹಾಕೇನಿ.”

“ಬಿ.ಪಿ. ಗುಳಿಗೆ?”

“ಅದು ವಿಮಾನದಾಗ ಬರೂದಿಲ್ಲಕ್ಕಾ!”

“ನಮ್ಮ ವಿಮಾನದಾಗ ಬರತೈತಿ. ನುಂಗು, ಇಲ್ಲಂದ್ರ ಗಪ್ ಕೂಡು.”

ನುಂಗಿದ. ಹಾರಿದ. ಕೊಲ್ಹಾಪುರದಿಂದ ಎದ್ದು, ನಮ್ಮೂರ ಮೇಲೆ ಹಾದು, ಬೆಳಗಾವಿಗೆ ಇಳಿಯುವುದು ಅವನ ಪಣ. ನಾಬ್‌ಗಳಿಗೆ ಬಲಗೈಯೇ ಎಂಬುದು ಅವನೇ ಹಾಕಿಕೊಂಡ ಕಾನೂನು. ಕುಕ್ಕರ್ ತಿರುಗಿತು, ತಿಂಗಳ ಮೇಲೆ ಗ್ಯಾಸ್ ಒಲೆ ತಿರುಗಿತು, ಮಳೆಗಾಲ ಮುಗಿಯುವ ಹೊತ್ತಿಗೆ ಮುಲಾಮೂ ತಿರುಗಿತು. ಟೂತ್‌ಪೇಸ್ಟ್ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅದು ಎತ್ತರದ ನಾಬ್. ಅದು ತಿರುಗದಿದ್ದರೆ ವಿಮಾನ ಕೆಳಗಿಳಿಯುತ್ತ ಇಳಿಯುತ್ತ ಸೀದಾ ಹೊಳೆಗೆ. ಡಾಕ್ಟರು ಹೇಳಿದ ವರ್ಷ ಮುಗಿಯುತ್ತ ಬಂದಿತ್ತು. ನಾನು ದಿನಾ ಪಟ್ಟಿ ಓದುತ್ತಿದ್ದೆ, ಅಷ್ಟೇ.

ಮೊನ್ನೆ ಬೆಳಿಗ್ಗೆಯೂ ಹಾಗೆಯೇ ವಿಮಾನ ಇಳಿಯತೊಡಗಿತು. ಟಿ.ವಿ.ಯಲ್ಲಿ ಕಬ್ಬಿನ ಹಸಿರು ದೊಡ್ಡದಾಯಿತು, ನೀರು ಹೊಳೆಯಿತು. ತಮ್ಮನ ಹೆಬ್ಬೆರಳು ಮುಚ್ಚಳದ ಮೇಲೆ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಹಣೆಯ ಬೆವರು ಮೂಗಿಗೆ ಇಳಿದಿತ್ತು. ನನಗೆ ತಡೆಯಲಾಗಲಿಲ್ಲ. ನಾನೇ ತಿರುಗಿಸಿಬಿಡೋಣವೆಂದು ಕೈ ಚಾಚಿದೆ.

“ಅಕ್ಕಾ, ಕೈ ತಗಿ.”

“ಬೀಳತೈತಲೇ!”

“ಬೀಳಲಿ. ನೀ ಕೈ ತಗಿ.”

ತೆಗೆದೆ. ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು ಒತ್ತಿ ಹಿಡಿದೆ. ಹೆಬ್ಬೆರಳು ಮತ್ತೆ ಬಂತು. ತೋರುಬೆರಳು ನಡುಗುತ್ತ, ಹೊಸದಾಗಿ ಹಾಸ್ಟೆಲಿಗೆ ಬಂದ ಹುಡುಗಿಯಂತೆ ಹಿಂದೆ ಮುಂದೆ ನೋಡುತ್ತ, ಮುಚ್ಚಳದ ಆ ಬದಿಗೆ ಬಂದು ನಿಂತಿತು. ಕಟ್ ಎಂದು ಒಂದು ಸದ್ದು. ಆಮೇಲೆ ಕಟ್, ಕಟ್. ವಿಮಾನದ ಮೂತಿ ಮೇಲಾಯಿತು. ಹೊಳೆ ನಮ್ಮ ಕೆಳಗೆ ಹಿಂದಕ್ಕೆ ಸರಿಯಿತು.

ಗೋಡೆಯಾಚೆ ತಮ್ಮನ ಹೆಂಡತಿ ಹಿಂಡುವುದನ್ನು ನಿಲ್ಲಿಸಿದ್ದಳು. “ಏನಾತ್ರಿ?” ಎಂದು ಅವಳ ದನಿ ಕೇಳಿತು.

ಬೆಳಗಾವಿಯನ್ನೇನೂ ತಲುಪಲಿಲ್ಲ ಬಿಡಿ. ನಿಪ್ಪಾಣಿ ದಾಟಿದ ಮೇಲೆ ಯಾರದೋ ತಂಬಾಕಿನ ಹೊಲಕ್ಕೆ ಇಳಿಸಿದ. ಟಿ.ವಿ. ಕಪ್ಪಾಯಿತು. “ನಡಿ, ಚಹಾ ಕುಡಿಯೂಣು” ಎಂದು ತಾನು ಮೊದಲು ಇಳಿದ. ನಮ್ಮ ಸೀಟುಗಳೆಂದರೆ ಹಳೆಯ ಟೆಂಪೋದವು, ಇಟ್ಟಿಗೆಯ ಮೇಲೆ ಎತ್ತರಕ್ಕೆ ಕೂರಿಸಿದವು. ನನ್ನ ಮೊಣಕಾಲಿಗೆ ಇಳಿಯುವುದು ಕಷ್ಟ. ಅದನ್ನು ಕಂಡು ಅವನು ಕೈ ಚಾಚಿದ.

ಬಲಗೈ. ಯಾವ ಕೈ ಎಂದು ಅವನು ಯೋಚಿಸಿರಲಿಲ್ಲ. ನನ್ನ ಮಣಿಕಟ್ಟಿನ ಸುತ್ತ ಆ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು, ಬಳೆ ಎಲುಬಿಗೆ ಒತ್ತಿತು. ನೋವಾಯಿತು. ಎರಡು ಇಟ್ಟಿಗೆಯಷ್ಟು ಎತ್ತರ ಇಳಿಯಲು ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟೂ ಹೊತ್ತು ತೆಗೆದುಕೊಂಡೆ.