ಶ್ರೀಮಾನ್ ವಿಗ್ಲಿಯ ಮದುವೆ

ಗ್ರಂಥಕರ್ತ ಕ್ರೇಕ್ ಅವರು ತೀರಿಕೊಂಡರೆಂಬ ಸುದ್ದಿ ಲಂಡನ್ನಿನ ಟಪಾಲು ಗಾಡಿಯೊಡನೆ ನಮ್ಮ ಮಾರ್ಬಿ ಊರಿಗೆ ಬಂದ ಬೆಳಿಗ್ಗೆ, ಪಡಖಾನೆಯ ಹಾಬ್‌ಡೇ ತನ್ನ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದ. ಹೆಂಗಸರು ಬೀದಿಯಲ್ಲೇ ನಿಂತು ಅತ್ತರು. ಕ್ರೇಕ್ ಅವರು ಒಂದು ದಿನವೂ ನಮ್ಮ ಊರಿಗೆ ಬಂದವರಲ್ಲ. ಆದರೂ ತಿಂಗಳಿಗೊಂದು ಕಂತಾಗಿ ಬರುತ್ತಿದ್ದ ಅವರ ನಗೆ ಕಾದಂಬರಿ ನಮ್ಮೂರಿನದೇ ಕತೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಕ್ಕದೂರಿನವರು ಅದು ತಮ್ಮದೆನ್ನುತ್ತಿದ್ದರು. ಅವರು ಮೊದಲಿನಿಂದಲೂ ಸುಳ್ಳರು.

ಕಂತು ಬಂದ ದಿನ ಹಾಬ್‌ಡೇ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಬಿಯರಿಗೆ ನೀರು ಬೆರೆಸುವ ಪಡಖಾನೆಯವನ ಪ್ರಸಂಗ ಬಂದಾಗ ಅವನು ಪಕ್ಕದೂರಿನವನನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕ. ಕೇಳುತ್ತಿದ್ದವರು ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡು ನಕ್ಕರು. ಉಪದೇಶದ ನಡುವೆ ತೂಕಡಿಸುವ ಪಾದ್ರಿಯ ಪ್ರಸಂಗ ಕೇಳಿ ನಮ್ಮ ಪಾದ್ರಿಗಳು, ಇಂಥವರೂ ಇರುತ್ತಾರೆಯೆ ಎಂದು ಮರುಗಿ, ಕುಳಿತಲ್ಲೇ ತೂಕಡಿಸಿದರು.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವನು ಚರ್ಚಿನ ಗುಮಾಸ್ತ ಜೋನಸ್ ಟಿಬಿಟ್. ಕಾದಂಬರಿಯಲ್ಲಿ ವಿಗ್ಲಿ ಎಂಬ ಗುಮಾಸ್ತನಿದ್ದ. ಪ್ರತಿ ಮಾತಿಗೂ ಮುಂಚೆ ಸೊರ್ರೆಂದು ಮೂಗೆಳೆಯುವವ, ಎದುರಿಗೆ ನಾಯಿ ಬಂದರೂ ಟೋಪಿ ಎತ್ತುವವ. ಅವನೂ ಗುಮಾಸ್ತ, ಇವನೂ ಗುಮಾಸ್ತ. ಊರಿಗೆ ಅಷ್ಟು ಸಾಕಾಯಿತು. ಜೋನಸ್ ಮೊದಮೊದಲು ಸಿಟ್ಟಾದ. ಆದರೆ ಕಾದಂಬರಿಯ ವಿಧವೆ ಮಿಸೆಸ್ ಪ್ಲಮ್ ಯಾವಾಗ ವಿಗ್ಲಿಯ ಕಡೆ ನೋಡಿ ಮುಗುಳ್ನಕ್ಕಳೋ ಅಂದಿನಿಂದ ಅವನ ಸಿಟ್ಟು ಬೆಣ್ಣೆಯಂತೆ ಕರಗಿತು. ಬೇಕರಿಯ ವಿಧವೆ ಮಿಸೆಸ್ ಪೆನ್‌ಫೋಲ್ಡ್ ಮೇಲೆ ಅವನಿಗೆ ಬಹುಕಾಲದಿಂದ ಮನಸ್ಸು. ಆಕೆಯ ಮುಂದೆ 'ಒಂದು ಬ್ರೆಡ್ಡು' ಎಂಬುದಕ್ಕಿಂತ ದೊಡ್ಡ ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಈಗ ವಿಗ್ಲಿಯಂತೆ ಹಳದಿ ವೇಸ್ಟ್‌ಕೋಟು ಹೊಲಿಸಿಕೊಂಡ. ನಾಯಿಗಳಿಗೆ ಟೋಪಿ ಎತ್ತಲು ಕಲಿತ. ಹೋಗಿ ಮದುವೆಯಾಗುವಿರಾ ಎಂದು ಕೇಳಿಯೂಬಿಟ್ಟ.

"ಕತೆ ಮುಗೀಲಿ ಟಿಬಿಟ್ ಅವರೇ," ಎಂದಳು ಆಕೆ. "ಪ್ಲಮ್ ಏನು ಹೇಳ್ತಾಳೋ ನೋಡಿಕೊಂಡು ನಾನೂ ಹೇಳ್ತೀನಿ."

ಉಳಿದದ್ದು ಒಂದೇ ಕಂತು. ಈಗ ಬರೆಯುವವರೇ ಇಲ್ಲ. ಊರು ಗ್ರಂಥಕರ್ತರಿಗಾಗಿ ಅಳುತ್ತಿದ್ದರೆ ಜೋನಸ್ ಕೊನೆಯ ಕಂತಿಗಾಗಿ ಅಳುತ್ತ ಪಡಖಾನೆಗೆ ಬಂದ.

ಅಲ್ಲಿ ಔಷಧದಂಗಡಿಯ ಗ್ರಿಗ್ಸ್ ಕುಳಿತಿದ್ದ. ಮದುವೆಯಾಗದ ಮನುಷ್ಯ, ಜೋನಸನನ್ನು ಗೇಲಿಮಾಡುವುದರಲ್ಲಿ ಊರಿಗೇ ಮುಂದಾಳು. ಎಂದಿನ ಅಣಕದಂತೆ, ದಾಟಿಹೋದ ಬೆಕ್ಕಿಗೆ ಟೋಪಿ ಎತ್ತಿ, ಸೊರ್ರೆಂದು ಮೂಗೆಳೆದು, "ಏನಯ್ಯಾ ವಿಗ್ಲಿ," ಎಂದ. "ನಿನ್ನ ಮದುವೆ ಮಾಡಿಸೋರೇ ಹೊರಟುಹೋದ್ರಲ್ಲಪ್ಪ."

ಕತೆಯ ಕೊನೆಯನ್ನು ನಾವೇ ಕಟ್ಟಿ ಆಕೆಗೆ ಹೇಳೋಣವೆಂದು ಹಾಬ್‌ಡೇ ಸೂಚಿಸಿದ. ಮದುವೆಯ ಊಟ ಪಡಖಾನೆಯಲ್ಲೇ ಆಗಬೇಕೆಂದು ಅವನ ಹಟ. ಪ್ಲಮ್‌ಗೆ ಜ್ವರ ಬಂದು ಮಾತ್ರೆಯಿಂದ ವಾಸಿಯಾಗಲೇಬೇಕೆಂದು ಗ್ರಿಗ್ಸ್‌ನ ಹಟ. ಎಲ್ಲ ಪಾತ್ರಗಳಿಗೂ ಹೊಸ ಬಟ್ಟೆಯಾಗಲಿ ಎಂದು ದರ್ಜಿ. ಕೊನೆಗೆ ಜ್ವರ, ಊಟ, ಬಟ್ಟೆ ಮೂರನ್ನೂ ಸೇರಿಸಿ, ಜೋನಸನನ್ನು ಮುಂದೆ ಬಿಟ್ಟುಕೊಂಡು, ಅರ್ಧ ಊರು ಬೇಕರಿಯ ಕಡೆ ಹೊರಟಿತು.

ದಾರಿಯಲ್ಲಿ ಒಂದು ಹೆಬ್ಬಾತು ಅಡ್ಡಬಂದಿತು. ಜೋನಸ್ ಬಗ್ಗಿ ಟೋಪಿ ಎತ್ತಿದ. ಹೆಬ್ಬಾತು ಕಾದಂಬರಿ ಓದಿರಲಿಲ್ಲ. ಅವನ ತೊಡೆಯನ್ನು ಇಕ್ಕಳದಂತೆ ಹಿಡಿಯಿತು. ಅದರಿಂದ ಬಿಡಿಸಿಕೊಂಡು ಓಡಿದವನು ಬೇಕರಿಯ ಹಿಟ್ಟಿನ ಮೂಟೆಗಳ ಮೇಲೆ ಬಿದ್ದ. ಒಂದು ಮೂಟೆ ಒಡೆಯಿತು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಬಾಗಿಲಲ್ಲಿ ನಿಂತವನನ್ನು ಕಂಡು, ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಮಿಸೆಸ್ ಪೆನ್‌ಫೋಲ್ಡ್ ಬ್ರೆಡ್ಡು ತೆಗೆಯುವ ಮರದ ಸಲಿಕೆಯಿಂದ ಒಂದು ಬಿಗಿದಳು.

"ಕ್ಷಮಿಸಿ ಟಿಬಿಟ್ ಅವರೇ. ಕ್ರೇಕ್ ಅವರ ದೆವ್ವ ಅಂದ್ಕೊಂಡೆ."

ಆ ಪುಣ್ಯಾತ್ಮರನ್ನು ಹೊಡೆಯುವುದೇ ಎಂದು ಹಾಬ್‌ಡೇ ಬೇಸರಪಟ್ಟ.

"ಮತ್ತೆ, ಕತೆ ಅರ್ಧಕ್ಕೆ ಬಿಟ್ಟು ಹೋದ್ರಲ್ಲ," ಎಂದು ಆಕೆ ಮತ್ತೆ ಅತ್ತಳು.

ಹಿಟ್ಟು ಉಗುಳುತ್ತ ಜೋನಸ್ ಜ್ವರದ ಪ್ರಸಂಗವನ್ನು ಆರಂಭಿಸಬೇಕು, ಅಷ್ಟರಲ್ಲಿ ಸಂಜೆಯ ಟಪಾಲು ಗಾಡಿಯ ಕೊಂಬು ಕೇಳಿಸಿತು. ಗಾಡಿಯವನು ಒಂದು ಕಟ್ಟನ್ನು ಎಸೆದು ಹೋದ. ಕ್ರೇಕ್ ಅವರು ಕಣ್ಣು ಮುಚ್ಚುವ ಮೊದಲೇ ಕೊನೆಯ ಕಂತನ್ನು ಮುಗಿಸಿದ್ದರು.

ಹಾಬ್‌ಡೇ ಪೀಪಾಯಿಯ ಮೇಲೆ ನಿಂತು ಓದಿದ. ವಿಗ್ಲಿ ಮೊಣಕಾಲೂರಿದ. ನಾಯಿಗೂ ಮರ್ಯಾದೆ ಕೊಡುವವನು ಹೆಂಡತಿಗೂ ಕೊಟ್ಟಾನೆಂದು ಮಿಸೆಸ್ ಪ್ಲಮ್ ಒಪ್ಪಿದಳು. ಬೀದಿಯೆಲ್ಲ ಹೋ ಎಂದಿತು. ಜೋನಸ್ ಹಿಟ್ಟಿನಲ್ಲೇ ಮೊಣಕಾಲೂರಿ ಕಣ್ಣು ಮುಚ್ಚಿದ.

ಮಿಸೆಸ್ ಪೆನ್‌ಫೋಲ್ಡ್ ಕೈ ಒರೆಸಿಕೊಂಡು ಅವನನ್ನು ಸುತ್ತಿ ದಾಟಿ ಹೋಗಿ ಗ್ರಿಗ್ಸ್‌ನ ಮುಂದೆ ನಿಂತಳು.

"ಪ್ಲಮ್ ಒಪ್ಪಿದ್ಳು ಗ್ರಿಗ್ಸ್ ಅವರೇ. ನಾನೂ ಒಪ್ಪಿದೀನಿ."

"ನಾನು ಕೇಳೇ ಇಲ್ವಲ್ಲಮ್ಮ," ಎಂದ ಗ್ರಿಗ್ಸ್.

"ವರ್ಷವೆಲ್ಲ ಪುಸ್ತಕದಲ್ಲಿ ಕೇಳಿದ್ರಲ್ಲ. ಬೆಕ್ಕಿಗೂ ಟೋಪಿ ಎತ್ತೋರು ಈ ಊರಲ್ಲಿ ಇನ್ಯಾರಿದಾರೆ?"

"ವಿಗ್ಲಿ ಗುಮಾಸ್ತ. ನಾನು ಔಷಧಿ ಮಾರೋನು."

"ಔಷಧಿಯವನು ಅಂತಲೇ ಬರೆದಿದ್ರೆ ನೀವು ಸುಮ್ನೆ ಬಿಡ್ತಿದ್ರಾ? ಕೋರ್ಟಿಗೆ ಎಳೀತಿದ್ರಿ. ಅದಕ್ಕೇ ಗುಮಾಸ್ತನ ವೇಷ ಹಾಕಿಸಿದಾರೆ ಮಹಾನುಭಾವರು."

ಗ್ರಿಗ್ಸ್ ಉತ್ತರ ಕೊಡಲು ಸೊರ್ರೆಂದು ಮೂಗೆಳೆದ. ಇಡೀ ಊರಿನ ಕಣ್ಣು ಒಮ್ಮೆಲೇ ತೆರೆಯಿತು. ಅವನು ಬಾಯಿ ತೆರೆದ. ಆಕೆ ಅದರೊಳಗೆ ಬಿಸಿ ಬನ್ನೊಂದನ್ನು ಇಟ್ಟಳು. ಮದುವೆ ನಿಶ್ಚಯವಾಯಿತು.

"ಹಾಗಾದ್ರೆ ನಾನು ಯಾರು?" ಎಂದು ಜೋನಸ್ ನೆಲದಿಂದಲೇ ಕೇಳಿದ.

ಎಲ್ಲರೂ ಹಳೆಯ ಕಂತುಗಳನ್ನು ತಂದು ಹುಡುಕಿದರು. ದರ್ಜಿ ಸಿಕ್ಕಿದ, ದರ್ಜಿಯ ಅತ್ತೆ ಸಿಕ್ಕಿದಳು. ಹೆಬ್ಬಾತು ಕೂಡ ಸಿಕ್ಕಿತು. ಹಾಬ್‌ಡೇ ಕೊನೆಯ ಪುಟ ಮುಚ್ಚಿ ಮೆತ್ತಗೆ ಹೇಳಿದ: "ನೀನು ಎಲ್ಲೂ ಇಲ್ಲ ಕಣಯ್ಯಾ. ಬೇಜಾರು ಮಾಡ್ಕೋಬೇಡ."

ಒಂದು ವರ್ಷ ಪೂರ್ತಿ ನಗೆಪಾಟಲಾದ ಮನುಷ್ಯ ತನ್ನನ್ನು ಕುರಿತು ಯಾರೂ ನಕ್ಕೇ ಇರಲಿಲ್ಲವೆಂದು ತಿಳಿದು ಆ ದಿನ ಮೊದಲ ಬಾರಿಗೆ ತನಗಾಗಿ ಬಿಕ್ಕಿ ಬಿಕ್ಕಿ ಅತ್ತ.

ಆ ರಾತ್ರಿ ಚರ್ಚು ತುಂಬಿತ್ತು. ಅಗಲಿದವರಿಗಾಗಿ ಪ್ರಾರ್ಥನೆ ಆರಂಭಿಸಿದ ಪಾದ್ರಿಗಳು ಅಳು ತಡೆಯಲಾರದೆ ನಡುವೆಯೇ ಕುಳಿತುಬಿಟ್ಟರು. ಉಳಿದದ್ದನ್ನು ನಡೆಸಬೇಕಾದವನು ಗುಮಾಸ್ತ. ಜೋನಸ್ ಎದ್ದು ನಿಂತ. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. ಕತೆಯಲ್ಲಿ ತನ್ನನ್ನು ಸೇರಿಸದ ಕ್ರೇಕ್ ಅವರ ಮೇಲೆ ದೇವರಿಗೆ ದೂರು ಹೇಳಬೇಕೆಂದು ಬಾಯಿ ತೆರೆದನಂತೆ; ಆದರೆ ಎದುರಿಗೆ ಬೆಂಚುಗಳ ಮೇಲೆ ಕುಳಿತ, ಕಾದಂಬರಿಯಿಂದಲೇ ಎದ್ದುಬಂದಂತಿದ್ದ ಆ ಮುಖಗಳನ್ನೆಲ್ಲ ಕಂಡು ಅವನಿಗೆ ನಗು ಬಂದುಬಿಟ್ಟಿತು, ನಗುವಿನ ಹಿಂದೆಯೇ ಕಣ್ಣೀರು.

"ಕರ್ತನೇ," ಎಂದ, "ನಮ್ಮನ್ನು ನೋಯಿಸದೆ ನಗಿಸಿದ ನಿನ್ನ ದಾಸನನ್ನು ನಿನ್ನ ಬಳಿಗೆ ಸೇರಿಸಿಕೋ. ಅವನ ಆತ್ಮಕ್ಕೆ ನಿತ್ಯ ಶಾಂತಿಯನ್ನು ಕೊಡು. ಆಮೆನ್."